ನಿದ್ರೆಯ ಪಾಳಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸಿದವಳು ನಾನು. ಯಂತ್ರಗಳ ಬಗ್ಗೆ ನನಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಆದ್ದರಿಂದ ಅಳಿಯ ರಂಜನ್ ನನ್ನ ಕೈಗೊಂದು ಬೂದುಬಣ್ಣದ ಬಳೆ ತೊಡಿಸಿ, "ಅತ್ತೆ, ನಿಮ್ಗೆ ಎಷ್ಟ್ ದಣಿವಾಯ್ತ್ ಅಂತ ಇದ್ ಹೇಳತ್ತ್" ಎಂದಾಗ ನಾನೇನೂ ಬೆರಗಾಗಲಿಲ್ಲ.

"ನಿನ್ನ ಹೆಂಡ್ತಿ ಹುಟ್ಟಿದಾಗಿಂದ ಕೂಡಿಟ್ಟ ದಣಿವು ಮಾರಾಯ. ಇಷ್ಟ್ ಸಣ್ಣ ಬಳೆಯೊಳ್ಗೆ ಹಿಡಿಸುತ್ತಾ?" ಎಂದೆ.

ಅವನು ನಕ್ಕ. ನನ್ನ ಮಗಳು ಸುಪ್ರೀತಾ ನಗಲಿಲ್ಲ. ಅವಳ ಪಾಲಿಗೆ ಎಲ್ಲವೂ ಆ ಬಳೆಯ ಮೇಲೆಯೇ ನಿಂತಿತ್ತು.

ಈಗಿನ ಮಕ್ಕಳಿಗೆ ಕೇಳಿದರೆ ನಗು ಬರಬಹುದು, ಆದರೆ ಆಗ ಮಹಾಸಾಗರ ಮನುಷ್ಯರಿಗೆ ಮುಚ್ಚಿತ್ತು. ದಡ ಕಾಣುವಷ್ಟು ದೂರ ದೋಣಿ ಬಿಡಬಹುದಿತ್ತು, ಅದರಾಚೆಗೆ ಆಳಿಲ್ಲದ ಹಡಗುಗಳದ್ದೇ ಕಾರುಬಾರು. ನಿದ್ದೆಗೆಟ್ಟ ನಾವಿಕರಿಂದ ಒಂದರ ಮೇಲೊಂದು ಅಪಘಾತಗಳಾದ ಮೇಲೆ ಸಾಗರ ಸುರಕ್ಷಾ ಮಂಡಳಿ ಎಂಬುದು ಹುಟ್ಟಿಕೊಂಡು ಈ ಕಾನೂನು ತಂದಿತ್ತು. ಯಂತ್ರ ದಣಿಯುವುದಿಲ್ಲ, ಮನುಷ್ಯ ದಣಿಯುತ್ತಾನೆ, ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ತಾನು ದಣಿದದ್ದು ಅವನಿಗೇ ಗೊತ್ತಾಗುವುದಿಲ್ಲ. ಇದು ಮಂಡಳಿಯ ವಾದ. ಸುಳ್ಳೆಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಸುಪ್ರೀತಾಳಿಗೆ ಚಿಕ್ಕಂದಿನಿಂದಲೂ ಒಂದೇ ಹಟ, ಹಾಯಿ ಕಟ್ಟಿ ಸಾಗರ ದಾಟಬೇಕು. ನಮ್ಮ ಗಂಗೊಳ್ಳಿಯಲ್ಲಿ ಹುಟ್ಟಿದವಳಿಗೆ ಬೇರೆ ಹಟ ಎಲ್ಲಿಂದ ಬರಬೇಕು? ತಾನು ಹೋಗುವುದಷ್ಟೇ ಅಲ್ಲ, ಮಕ್ಕಳುಮರಿ ಕಟ್ಟಿಕೊಂಡು ಯಾವ ಸಂಸಾರ ಬೇಕಾದರೂ ಹೋಗುವಂತಾಗಬೇಕು ಎನ್ನುತ್ತಿದ್ದಳು. ಮಂಡಳಿಯ ಬಾಗಿಲು ಬಡಿಯುತ್ತಾ ಅವಳ ಹರೆಯವೇ ಕಳೆಯಿತು. ಕೊನೆಗೆ ರಂಜನ್ ಈ ಬಳೆ ಮಾಡಿದ.

ಬಳೆ ನಾಡಿಯನ್ನು ನೋಡುತ್ತದೆ, ಕೈನಡುಕವನ್ನು ನೋಡುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ರೆಯನ್ನು ನೋಡುತ್ತದೆ. ಎಷ್ಟು ಹೊತ್ತು ಮಲಗಿದರು, ನಿದ್ರೆ ಎಷ್ಟು ಆಳವಾಗಿತ್ತು, ಎಲ್ಲವೂ ದೋಣಿಯ ಮಿದುಳಿಗೆ ಹೋಗುತ್ತದೆ. ಜನ ಚುರುಕಾಗಿದ್ದರೆ ದೋಣಿ ತಾನೇ ಪೂರ್ತಿ ಹಾಯಿ ಬಿಚ್ಚುತ್ತದೆ. ಜನ ಬಳಲಿದರೆ ಮೋಟಾರು ತಿರುಗಿ ಹಾಯಿ ಸುತ್ತಿಕೊಂಡು ಚಿಕ್ಕದಾಗುತ್ತದೆ. ಯಾವ ಹೊತ್ತಿಗೆ ಚುಕ್ಕಾಣಿ ಯಾರದ್ದು ಎಂಬ ಪಾಳಿಯನ್ನೂ ಅದೇ ಬರೆದು ಪರದೆಯ ಮೇಲೆ ತೋರಿಸುತ್ತದೆ. ಗಾಳಿ ನೋಡಿ ಹಾಯಿ ಬಿಡುವುದು ಎಲ್ಲರೂ ಮಾಡುವುದೇ, ಇದು ಜನ ನೋಡಿ ಹಾಯಿ ಬಿಡುವ ದೋಣಿ.

ಮಂಡಳಿ ಒಂದೇ ಒಂದು ಅವಕಾಶ ಕೊಟ್ಟಿತು. ಒಂದು ಸಂಸಾರ, ಗಂಗೊಳ್ಳಿಯಿಂದ ಸಾಗರದಾಚೆಯ ಮೊಂಬಾಸಾದವರೆಗೆ, ದಾರಿಯುದ್ದಕ್ಕೂ ಚುಕ್ಕಾಣಿ ಮನುಷ್ಯರ ಕೈಯಲ್ಲೇ ಇರಬೇಕು. ಬಳೆಗಳ ಸುದ್ದಿ ಉಪಗ್ರಹದ ಮೂಲಕ ಗಂಗೊಳ್ಳಿಯ ದಡದ ಕೊಠಡಿಗೂ ಹೋಗುತ್ತಿರುತ್ತದೆ. ಕಪ್ತಾನಳು ಸುಪ್ರೀತಾ. ಅವಳ ದಣಿವು ಕೆಂಪುಗೆರೆ ದಾಟಿದರೆ ಅವಳು ಒಂದು ಗಂಟೆಯೊಳಗೆ ನಿದ್ರೆಗೆ ಜಾರಬೇಕು. ಜಾರದಿದ್ದರೆ ದಡದವರು ಕೀ ತಿರುಗಿಸಿ ದೋಣಿಯನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ನಾವು ಸಿಬ್ಬಂದಿಯಲ್ಲ, ಸರಕು. ಪರವಾನಗಿಯ ಮಾತೂ ಅಲ್ಲಿಗೇ ಮುಗಿಯಿತು.

ಯಾವ ಕೈಯಲ್ಲಿ ಯಾರ ಬಳೆ ಇದೆಯೆಂದು ಗುರುತು ಹಿಡಿಯುವ ಏರ್ಪಾಡನ್ನೂ ಮಾಡುತ್ತೇನೆಂದು ರಂಜನ್ ಹೊರಟಿದ್ದ. ಸುಪ್ರೀತಾಳೇ ತಡೆದಳು.

"ಮನೆಯವ್ರೊಳ್ಗೆ ಅದೆಂತಕ್ಕೆ? ನಮ್ಮಲ್ಲಿ ಸೋಮಾರಿ ಯಾರಿದ್ರ್?"

ಅದೂ ಹೌದೆನ್ನಿಸಿತು. ನಮ್ಮ ಮನೆಯಲ್ಲಿ ಕೆಲಸ ತಪ್ಪಿಸಿಕೊಳ್ಳುವವರು ಯಾರೂ ಇರಲಿಲ್ಲ.

ನಮ್ಮ ದೋಣಿಯ ಹೆಸರು 'ಬಂಗುಡೆ', ನಮ್ಮೂರ ಮೀನಿನದೇ ಹೆಸರು. ಹೆಸರಿಟ್ಟವಳು ಮೊಮ್ಮಗಳು ಧಾತ್ರಿ. ಹದಿನಾರರ ಹುಡುಗಿ, ಚುಕ್ಕಾಣಿ ಪರೀಕ್ಷೆಯಲ್ಲಿ ಪಾಸಾಗಿ ಸರ್ಟಿಫಿಕೇಟು ಹಿಡಿದುಕೊಂಡೇ ಹತ್ತಿದ್ದಳು. ಡಿಸೆಂಬರಿನ ಈಶಾನ್ಯ ಗಾಳಿ ಬೆನ್ನಿಗೆ ಬಿತ್ತು, ದೋಣಿ ನೈರುತ್ಯಕ್ಕೆ ಮುಖಮಾಡಿ ಹೊರಟಿತು. ಮೊದಲೆರಡು ದಿನ ನಾನು ಬಕೆಟ್ಟಿನ ಜೊತೆ ಸಂಸಾರ ಮಾಡಿದೆ. ಆಮೇಲೆ ಗಂಜಿಯೂ ಒಣಮೀನಿನ ಚಟ್ನಿಯೂ ರುಚಿಸತೊಡಗಿದವು. ತೂಗುವ ಒಲೆಯ ಮೇಲೆ ಅಡಿಗೆ ಮಾಡುವುದನ್ನು ಕಲಿತೆ. ಮಂಡಳಿಯ ಕಾಗದದಲ್ಲಿ ನಾನು 'ಪ್ರಯಾಣಿಕೆ', ಹಾಗಾಗಿ ನನಗೆ ಪಾಳಿ ಇಲ್ಲ. ಇಲ್ಲದಿದ್ದರೇನು, ಅಡಿಗೆಮನೆ ಇತ್ತು, ನಾಲಿಗೆ ಇತ್ತು, ಹೊತ್ತು ಹೋಗುತ್ತಿತ್ತು.

ದಡದ ಕೊಠಡಿಯಲ್ಲಿ ಕೂತವನು ನನ್ನ ಮಗ ಮಿಥುನ್, ಸುಪ್ರೀತಾಳ ತಮ್ಮ. ಅವನ ಪಕ್ಕದಲ್ಲಿ ಮಂಡಳಿಯ ವೀಕ್ಷಕರಾದ ಅನಂತ ಕಿಣಿಯವರು. ಕೀ ಇದ್ದದ್ದು ಅವರ ಬಳಿ. ಅಲ್ಲಿ ನಡೆದದ್ದನ್ನೆಲ್ಲ ಮಿಥುನ್ ಆಮೇಲೆ ನನಗೆ ಹೇಳಿದ. ಎರಡನೆಯ ವಾರದಲ್ಲಿ ಕಿಣಿಯವರು ಪರದೆ ನೋಡುತ್ತಾ ಮೆಚ್ಚುಗೆಯಿಂದ ತಲೆದೂಗಿದರಂತೆ.

"ನಿಮ್ಮ ಅಕ್ಕನ ನಿದ್ರೆ ನೋಡಿ ಮಾರಾಯ್ರೆ. ಬೆಳಗಿನ ಜಾವ ಅಂದ್ರೆ ಮಗು ಮಲಗಿದ ಹಾಗೆ. ನಡುಸಮುದ್ರದಲ್ಲಿ ಕಪ್ತಾನರು ಹೀಗೆ ಮಲಗುವುದನ್ನು ನಾನು ನೋಡಿಲ್ಲ."

"ಮನೆಯಲ್ಲೂ ಅವ್ಳ್ ಹೀಂಗೆ ಮಲಗಿದ್ದನ್ನ ನಾನ್ ಕಾಣ್ಲಿಲ್ಲ" ಎಂದನಂತೆ ಮಿಥುನ್.

ಕಿಣಿಯವರು ಅದನ್ನು ತಮಾಷೆಯೆಂದುಕೊಂಡರು. ಮಿಥುನನಿಗೆ ಮಾತ್ರ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಕೇಳೋಣವೆಂದರೆ ದೋಣಿಯವರು ಕರೆದ ಹೊರತು ದಡದವರು ಬಾಯಿ ಬಿಡುವಂತಿರಲಿಲ್ಲ, ಅದು ಪರೀಕ್ಷೆಯ ನಿಯಮ. ನಮ್ಮವರು ಮಧ್ಯಾಹ್ನ ಒಮ್ಮೆ ಕರೆದು "ಎಲ್ಲ ಚೆನ್ನಾಗಿತ್ತ್" ಎಂದು ಹೇಳಿ ಮುಗಿಸುತ್ತಿದ್ದರು.

ಇತ್ತ ದೋಣಿಯಲ್ಲಿ ನನಗೆ ವಯಸ್ಸಾದವರ ನಿದ್ದೆ. ಕತ್ತಲು ಹರಿಯುವ ಮೊದಲೇ ಎದ್ದು ಕರಿ ಚಹಾ ಕಾಸುತ್ತಿದ್ದೆ. ಒಂದು ಲೋಟ ಮೇಲಕ್ಕೆ ಒಯ್ದರೆ ಚುಕ್ಕಾಣಿಯ ಹತ್ತಿರ ಸುಪ್ರೀತಾ ಇರುತ್ತಿದ್ದಳು. ಅದು ಧಾತ್ರಿಯ ಪಾಳಿ ಎಂದು ನನಗೆ ಗೊತ್ತಿತ್ತು.

"ಧಾತ್ರಿ ಎಲ್ಲಿ?"

"ಮನಿಕಂಡಿತ್ತ್ ಅಮ್ಮ. ಬೆಳೆಯುವ ಮಕ್ಳ್, ಬೆಳಗಿನ ನಿದ್ರಿ ಒಳ್ಳೇದ್."

ನಾನು ಲೋಟ ಕೊಟ್ಟು ಕೆಳಗಿಳಿಯುತ್ತಿದ್ದೆ. ತಾಯಿ ಮಗಳ ಕೆಲಸ ಮಾಡುವುದರಲ್ಲಿ ನನಗೆ ಯಾವ ವಿಶೇಷವೂ ಕಾಣಲಿಲ್ಲ. ನಾನೂ ಅವಳಿಗಾಗಿ ಹಾಗೇ ಮಾಡಿದವಳು, ನನ್ನಮ್ಮನೂ ಹಾಗೇ. ನಮ್ಮ ಮನೆಯಲ್ಲಿ ಊಟಕ್ಕೆ ಕರೆದರೆ ಎಲ್ಲರೂ "ನಂದ್ ಆಯ್ತ್" ಎನ್ನುತ್ತಾರೆ, ಮಲಗು ಎಂದರೆ "ನಂಗೆ ನಿದ್ರಿ ಬತ್ತಿಲ್ಲ" ಎನ್ನುತ್ತಾರೆ. ನಾವು ಇರುವುದೇ ಹಾಗೆ, ಅದೊಂದು ಸುಳ್ಳು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಅರಬ್ಬೀ ಸಮುದ್ರದ ನಟ್ಟನಡುವೆ ಇದ್ದಾಗ, ಒಂದು ಬೆಳಿಗ್ಗೆ, ಆ ತಿಂಗಳಲ್ಲಿ ಬರಬಾರದ ಬಿರುಗಾಳಿಯೊಂದು ಬೆನ್ನ ಹಿಂದಿನಿಂದ ಎದ್ದಿತು. ಚುಕ್ಕಾಣಿಯಲ್ಲಿ ಸುಪ್ರೀತಾ, ಈ ಸಲ ಅವಳದ್ದೇ ಪಾಳಿ. ಕಪ್ತಾನಳು ಚೆನ್ನಾಗಿ ಮಲಗಿ ಎದ್ದಿದ್ದಾಳೆಂದು ದೋಣಿಯ ಲೆಕ್ಕ, ಆದ್ದರಿಂದ ಹಾಯಿ ಪೂರ್ತಿ ಬಿಚ್ಚಿಯೇ ಇತ್ತು. ರಂಜನ್ ಅವಳಿಗೆ ಗಂಜಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ನಾನು ಅವನ ಹಿಂದೆ ಚಟ್ನಿ ಹಿಡಿದುಕೊಂಡಿದ್ದೆ. ಸುಪ್ರೀತಾಳ ಮುಖ ನನಗೆ ಸರಿಯಾಗಿ ಕಾಣುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿನಲ್ಲಿ ಅವಳಿರಲಿಲ್ಲ. ಬಳೆಗೆ ಗೊತ್ತಾಗುವ ಮೊದಲೇ ಕೂತಲ್ಲೇ ನಿದ್ರೆ ಹೋಗಿದ್ದಳು.

ದೋಣಿ ಒಮ್ಮೆಲೇ ಪಕ್ಕಕ್ಕೆ ತಿರುಗಿತು. ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಹೊಕ್ಕಿತು. ಹಾಯಿಯ ಅಡಿಗೆ ಕಟ್ಟಿದ ಅಡ್ಡಮರ ಈ ತುದಿಯಿಂದ ಆ ತುದಿಗೆ ಬೀಸಿ ಬಂದು ರಂಜನನ ಭುಜಕ್ಕೆ ಬಡಿಯಿತು. ಗಂಜಿಯ ತಟ್ಟೆ ಸಮುದ್ರಕ್ಕೆ ಹಾರಿತು. ಏಟು ಒಂದು ಗೇಣು ಮೇಲೆ ಬಿದ್ದಿದ್ದರೆ ತಲೆಗೇ.

ಅವನ ಕತ್ತಿನ ಕೆಳಗಿನ ಎಲುಬು ಮುರಿದಿತ್ತು. ಧಾತ್ರಿ ಓಡಿ ಬಂದು ಚುಕ್ಕಾಣಿ ಹಿಡಿದುಕೊಂಡಳು, ಸುಪ್ರೀತಾ ಗುಂಡಿಯೊತ್ತಿ ಹಾಯಿ ಸುತ್ತಿಸಿದಳು. ನಾನೂ ಅವಳೂ ಸೇರಿ ರಂಜನನನ್ನು ಕೆಳಗಿಳಿಸಿದೆವು. ನನ್ನ ಹಳೇ ಸೀರೆ ಹರಿದು ಅವನ ಕೈಯನ್ನು ಎದೆಗೆ ಕಟ್ಟಿದೆ. ಕಟ್ಟುತ್ತಾ ಪರದೆಯತ್ತ ಕಣ್ಣು ಹಾಯಿಸಿದರೆ, ಇಡೀ ದೋಣಿಯಲ್ಲಿ ಹೆಚ್ಚು ನಿದ್ರೆ ಮಾಡಿದವಳು ಸುಪ್ರೀತಾ, ಅದರಲ್ಲೂ ಬೆಳಗಿನ ಜಾವ ಗಾಢನಿದ್ರೆ ಎಂದು ತೋರಿಸುತ್ತಿತ್ತು.

"ಹಾಂಗಾರೆ ದಿನಾ ಬೆಳಿಗ್ಗೆ ನಾನ್ ಚಹಾ ಕೊಟ್ಟದ್ ಯಾರಿಗೆ?" ಎಂದು ಕೇಳಿದೆ.

ಸುಪ್ರೀತಾ ನೆಲ ನೋಡಿದಳು. ಶಾಲೆಯಲ್ಲಿ ಇಂಥ ಮುಖಗಳನ್ನು ಬೇಕಾದಷ್ಟು ನೋಡಿದ್ದೇನೆ. ಸುಮ್ಮನೆ ಕಾದರೆ ಸಾಕು, ತಾವಾಗಿಯೇ ಹೇಳುತ್ತಾರೆ. ಹೇಳಿದಳು. ಬೆಳಗಿನ ಜಾವ ಮಲಗಿದ್ದ ಧಾತ್ರಿಯನ್ನು ಎಬ್ಬಿಸದೆ, ಅವಳ ಕೈಯಿಂದ ಬಳೆ ಕಳಚಿ ತಾನು ತೊಟ್ಟುಕೊಳ್ಳುತ್ತಿದ್ದಳಂತೆ, ತನ್ನದನ್ನು ಮಗಳ ಕೈಗೆ ಹಾಕುತ್ತಿದ್ದಳಂತೆ. ಪಾಳಿ ಮುಗಿದ ಮೇಲೆ ಮತ್ತೆ ಅದಲುಬದಲು. ಮಗಳು ಮಲಗಿದ್ದು ತಾಯಿಯ ಹೆಸರಿಗೆ, ತಾಯಿ ದುಡಿದದ್ದು ಮಗಳ ಹೆಸರಿಗೆ. ದೋಣಿಯೋ, ಪಾಪ, ನಂಬಿತು. ಹುಡುಗಿ ಬಳಲಿದ್ದಾಳೆಂದು ಅವಳ ಪಾಳಿ ಕಡಿಮೆ ಮಾಡಿ, ಚುರುಕಾಗಿದ್ದಾಳೆಂದು ತಾಯಿಗೇ ಇನ್ನಷ್ಟು ಹೇರಿತು.

"ಮಧ್ಯಾಹ್ನದ್ದು ನಾನ್" ಎಂದ ರಂಜನ್, ನೋವಿನಲ್ಲಿ ಮುಖ ಹಿಂಡುತ್ತಾ.

"ಎಂತ ಮಧ್ಯಾಹ್ನದ್ದು?"

"ಧಾತ್ರಿದ್ ಮಧ್ಯಾಹ್ನದ ಪಾಳಿ. ಬಳಿ ಚಾರ್ಜಿಗೆ ಇಡ್ಕ್, ಕೊಡ್ ಅಂತ ತಕಂಡ್ ನಾನ್ ಹಾಕ್ಕಂತಿದ್ದೆ. ಅವ್ಳಿಗೆ ನಂದ್ ಕೊಡ್ತಿದ್ದೆ. ಸ್ವಲ್ಪ ಹೊತ್ತು ಮಲಗಲಿ ಅಂತ."

ಬಳೆ ಮಾಡಿದವನೇ ತನ್ನ ಯಂತ್ರಕ್ಕೆ ಟೋಪಿ ಹಾಕಿದ್ದ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಕೆಲಸಗಳ್ಳರನ್ನು ಹಿಡಿಯುವುದು ಹೇಗೆಂದು ಇವರು ಯೋಚಿಸಿದ್ದರು. ದಣಿವನ್ನು ಬಚ್ಚಿಡುವವರನ್ನು ಹಿಡಿಯಬೇಕಾದೀತು ಎಂದು ಗಂಡನಿಗೂ ತೋಚಿರಲಿಲ್ಲ, ಹೆಂಡತಿಗೂ ತೋಚಿರಲಿಲ್ಲ.

ಧಾತ್ರಿ ಮೇಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಾಂಗಾರೆ ನಾನ್ ಬಂದದ್ದೆಂತಕ್ಕೆ? ಉಪ್ಪಿನಕಾಯಿ ಭರಣಿ ಒಟ್ಟಿಗೆ ಕೂತ್ಕಂಬುಕಾ?" ಎಂದಳು. "ನನ್ನ್ ಎಬ್ಬಿಸದೆ ಇದ್ದದ್, ನಂಗೆ ಪಾಳಿ ಕಮ್ಮಿ ಬಂದದ್, ಎಲ್ಲ ನಾನ್ ಸರಿ ಮಾಡ್ದಿಲ್ಲ ಅಂತ್ಲೇ ತಿಳ್ಕಂಡಿದ್ದೆ."

ಸುಪ್ರೀತಾ ಮೇಲೆ ನೋಡಿದಳು. ಮಗಳಿಗೆ ಹೀಗೂ ನೋವಾಗಬಹುದೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲವೆಂದು ಮುಖ ಹೇಳುತ್ತಿತ್ತು.

ಈಗ ದಡಕ್ಕೆ ಏನು ಹೇಳುವುದು? ರಂಜನ್ ಮೆಲ್ಲಗೆ ಹೇಳಿದ, "ಗಾಳಿ ತಿರುಗಿತ್ ಅಂದ್ರಾಯ್ತ್. ನಾನ್ ಎಚ್ಚರ ತಪ್ಪಿ ನಿಂತಿದ್ದೆ ಅಂದ್ರಾಯ್ತ್. ಅವ್ರಿಗೆಂತ ಗೊತ್ತಾತ್ತ್? ಇನ್ನ್ ಸರಿಯಾಗಿ ಹಾಕ್ಕಂಬ." ನಿಜ ಹೇಳಿದರೆ ಸುಪ್ರೀತಾ ನೇರ ಕೆಂಪುಗೆರೆಯಾಚೆ ಹೋಗುತ್ತಾಳೆ, ಕೀ ಕಿಣಿಯವರ ಕೈಯಲ್ಲಿದೆ. ನಾನು ಬಾಯಿ ಹಾಕಲಿಲ್ಲ. ಅದು ಅವಳ ದೋಣಿ, ಅವಳ ಇಷ್ಟು ವರ್ಷದ ಹಟ.

ಅವಳು ಬಹಳ ಹೊತ್ತು ಬಳೆಯನ್ನು ತಿರುಗಿಸುತ್ತಾ ಕೂತಳು.

"ನಾಳೆ ಇನ್ನೊಂದ್ ಮನೆಯವ್ರ್ ಇದೇ ಬಳಿ ಹಾಕ್ಕಂಡ್ ಬತ್ರ್" ಎಂದಳು ಕೊನೆಗೆ. "ಅಲ್ಲೂ ಒಬ್ಳ್ ತಾಯಿ ಇರ್ತ್ಳ್. ಅವ್ಳೂ ನನ್ನಂಗೇ ಮಾಡ್ತ್ಳ್. ಅವ್ಳಿಗೆ ಗಂಡ ಉಳೀತ್ನೋ ಇಲ್ಯೋ."

ಎದ್ದು ರೇಡಿಯೋ ಹಿಡಿದಳು. "ದಡಕ್ಕೆ ಬಂಗುಡೆಯ ಕಪ್ತಾನ್. ನಾವು ಬಳೆ ಅದಲುಬದಲು ಮಾಡಿದ್ದೇವೆ. ನಿಮಗೆ ಕಂಡ ನಿದ್ರೆ ನನ್ನದಲ್ಲ." ಗುಂಡಿ ಬಿಡದೆ ಮುಂದುವರಿಸಿದಳು. "ನನಗೆ ದಣಿವಾಗಿದೆ."

ನಲವತ್ತು ವರ್ಷಗಳಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ದಡದ ಕೊಠಡಿಯಲ್ಲಿ ಮಿಥುನ್ ಕಿಣಿಯವರ ಮುಖ ನೋಡಿದನಂತೆ. ಅವರು ಏನೂ ಬೈಯಲಿಲ್ಲ. ಯಾವ ಹೊತ್ತಿಗೆ ಯಾರು ಮಲಗಿದ್ದರು, ಯಾರು ಎದ್ದಿದ್ದರು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ರಂಜನ್ ಒಂದೇ ಕೈಯಲ್ಲಿ ದೋಣಿಯ ಮಿದುಳಿಗೆ ಅದನ್ನೆಲ್ಲ ತಿದ್ದಿ ಹಾಕಿದ. ಲೆಕ್ಕ ಮತ್ತೆ ಹೊಸದಾಗಿ ಆಯಿತು. ಹಾಯಿ ಇನ್ನಷ್ಟು ಸುತ್ತಿಕೊಂಡು ಒಂದು ಚಾಪೆಯಷ್ಟಾಯಿತು. ಸುಪ್ರೀತಾಳ ಹೆಸರು ಕೆಂಪಾಯಿತು, ರಂಜನನದೂ ಕೆಂಪಾಯಿತು. ಎರಡು ವಾರ ಎಲ್ಲರೂ ಸೇರಿ ಮಲಗಿಸಿದ್ದ ಧಾತ್ರಿಯ ಹೆಸರು ಮಾತ್ರ ಹಸುರಾಗಿ ಹೊಳೆಯಿತು. ಪರದೆಯ ಮೇಲೆ ಪಾಳಿ ಮೂಡಿತು. ಚುಕ್ಕಾಣಿ ಧಾತ್ರಿಗೆ, ಕಪ್ತಾನಳಿಗೆ ನಿದ್ರೆ.

"ನಿಯಮ ನಿಮಗೆ ಗೊತ್ತುಂಟು" ಎಂದರು ಕಿಣಿಯವರು ರೇಡಿಯೋದಲ್ಲಿ. "ಈಗಿನಿಂದ ಒಂದು ಗಂಟೆ. ಬಳೆ ನಿದ್ರೆ ಅನ್ನಬೇಕು. ಇಲ್ಲದಿದ್ದರೆ ನಾನು ಕೀ ತಿರುಗಿಸಲೇಬೇಕು. ಮಾತ್ರೆ ಗೀತ್ರೆ ಕೂಡದು."

ಹೊರಗೆ ಅಲೆ ಮನೆಯ ಮಾಡಿನೆತ್ತರಕ್ಕೆ ಏಳುತ್ತಿತ್ತು. ಆ ಅಲೆಯ ನಡುವೆ ಹದಿನಾರರ ಮಗಳ ಕೈಗೆ ದೋಣಿ ಕೊಟ್ಟು, ಕೆಳಗೆ ಹೋಗಿ ನಿದ್ರೆ ಮಾಡು ಎಂದರೆ ಯಾವ ತಾಯಿಗೆ ನಿದ್ರೆ ಬರುತ್ತದೆ? ಸಮುದ್ರ ದಾಟುವ ಪರೀಕ್ಷೆ ಎಂದು ಹೊರಟಿದ್ದೆವು. ನಿಜವಾದ ಪರೀಕ್ಷೆ ಈಗ ಬಂದಿತ್ತು.

ಸುಪ್ರೀತಾ ಮಲಗಿದಳು. ನಾನು ಪಕ್ಕದಲ್ಲಿ ಕೂತೆ. ಅವಳು ಕಣ್ಣು ಮುಚ್ಚಿದಳು, ಉಸಿರು ನಿಧಾನ ಮಾಡಿದಳು, ನಮ್ಮ ಮನೆಯ ಹಳೇ ನಾಟಕವನ್ನೆಲ್ಲ ಆಡಿದಳು. ತಲೆಯ ಮೇಲಿನ ಪರದೆಯಲ್ಲಿ 'ಎಚ್ಚರ' ಎಂಬ ಅಕ್ಷರ ಅಲುಗಲಿಲ್ಲ. ದೋಣಿ ಎಡಕ್ಕೆ ವಾಲಿದರೆ ಅವಳ ಬೆರಳು ಬಲಕ್ಕೆ ಬಿಗಿಯುತ್ತಿತ್ತು.

"ನೀನ್ ಮಲಗಿದ್ದಲ್ಲ. ಕಣ್ಣ್ ಮುಚ್ಚಿ ಚುಕ್ಕಾಣಿ ಹಿಡ್ಕಂಡಿದ್ದಿ" ಎಂದೆ.

"ಅವ್ಳ್ ಸಣ್ಣೋಳ್ ಅಮ್ಮ."

"ಹೌದ್. ನೀನೇ ಕಲಿಸಿದ್ದ್. ನೀನ್ ಕಲಿಸಿದ್ದರ ಮೇಲೆ ನಿಂಗೇ ನಂಬಿಕೆ ಇಲ್ಯಾ?"

ಅವಳು ಮತ್ತೆ ಕಣ್ಣು ಮುಚ್ಚಿದಳು. ಅರ್ಧ ಗಂಟೆ ಹೋಯಿತು, ಮುಕ್ಕಾಲು ಗಂಟೆಯೂ ಹೋಯಿತು. ಆಚೆ ದಡದಲ್ಲಿ ಕಿಣಿಯವರು ಕೀಯನ್ನು ತೂತಿಗೆ ಹಾಕಿ, ಅದರ ಮೇಲೆ ಕೈಯಿಟ್ಟು ನಿಂತಿದ್ದರಂತೆ. ಮಿಥುನ್ "ಮನಿಕೊ ಅಕ್ಕ, ಮನಿಕೊ" ಎಂದು ಬಾಯೊಳಗೇ ಹೇಳುತ್ತಿದ್ದನಂತೆ, ರೇಡಿಯೋ ಗುಂಡಿ ಒತ್ತುವಂತಿರಲಿಲ್ಲವಲ್ಲ.

ಅಷ್ಟರಲ್ಲಿ ದೊಡ್ಡದೊಂದು ಅಲೆ ಹಿಂದಿನಿಂದ ದೋಣಿಯನ್ನು ಎತ್ತಿ ಪಕ್ಕಕ್ಕೆ ಎಸೆಯಿತು. ಪಾತ್ರೆಗಳೆಲ್ಲ ಕಪಾಟಿನೊಳಗೆ ಒಂದಕ್ಕೊಂದು ಹೊಡೆದುಕೊಂಡವು. ದೋಣಿ ವಾಲಿತು, ಇನ್ನೂ ವಾಲಿತು. ಸುಪ್ರೀತಾ ಮೊಣಕೈ ಊರಿ ಎದ್ದೇಬಿಟ್ಟಳು. ಒಂದು ಕಾಲು ನೆಲಕ್ಕೆ ಬಂದಿತ್ತು. ನಾನು ಅವಳ ಭುಜ ಹಿಡಿದುಕೊಂಡೆ. ಹಿಡಿದುಕೊಳ್ಳಲು ನನಗೂ ಧೈರ್ಯವಿರಲಿಲ್ಲ, ಸುಳ್ಳೇಕೆ ಹೇಳಲಿ. ಮೇಲಿರುವುದು ನನ್ನ ಮೊಮ್ಮಗಳು. ಆದರೂ ಹಿಡಿದೆ.

ಮೇಲಿನಿಂದ ಹಗ್ಗ ಸರ್ರನೆ ಜಾರಿದ ಸದ್ದು ಬಂತು. ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿ ಒಮ್ಮೆ ಅಲ್ಲಾಡಿ ನೆಟ್ಟಗಾಯಿತು. 'ಗರ್‌ಗರ್' ಎಂದು ಹಗ್ಗವನ್ನು ಮತ್ತೆ ಬಿಗಿಯುವ ಸದ್ದು. ದೋಣಿ ತನ್ನ ದಾರಿ ಹಿಡಿಯಿತು. ಧಾತ್ರಿ ಯಾರನ್ನೂ ಕೂಗಲಿಲ್ಲ.

ಸುಪ್ರೀತಾ ಹಾಗೇ ಕಿವಿಗೊಟ್ಟು ಕೂತಿದ್ದಳು.

"ನಾನಾಗಿದ್ರೆ ಚುಕ್ಕಾಣಿ ಚಕ್ರ ತಿರುಗಿಸ್ತಿದ್ದೆ" ಎಂದಳು ನಿಧಾನವಾಗಿ. "ಅವ್ಳ್ ಹಾಯಿ ಹಗ್ಗ ಬಿಟ್ಳ್. ಗಾಳಿನ್ನ ಬಿಟ್ಟು ಬಿಟ್ಳ್. ಅದೇ ಸರಿ ಅಮ್ಮ. ಚಕ್ರ ತಿರುಗಿಸಿದ್ರೆ ಇನ್ನೂ ವಾಲ್ತಿತ್ತ್."

"ಹೌದಾ?" ಎಂದೆ. ನನಗೆ ಆ ಸೂಕ್ಷ್ಮ ತಿಳಿಯದು.

"ಹೌದ್. ನಾನ್ ಅದನ್ನ ಕಲಿಸಿರ್ಲಿಲ್ಲ."

ನೆಲಕ್ಕಿಟ್ಟ ಕಾಲನ್ನು ಮೇಲೆ ಎಳೆದುಕೊಂಡಳು. ಗೋಡೆಯ ಕಡೆ ಮಗ್ಗುಲಾದಳು. ಬೆರಳುಗಳು ಸಡಿಲಾದವು, ದೋಣಿ ವಾಲಿದರೂ ಅಲುಗಲಿಲ್ಲ. ಬಾಯಿ ಸ್ವಲ್ಪ ತೆರೆಯಿತು, ಸಣ್ಣಗೆ ಗೊರಕೆಯೂ ಬಂತು. ಪರದೆಯ ಅಕ್ಷರ ಯಾವಾಗ ಬದಲಾಯಿತೋ ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಮಗಳ ಮುಖವನ್ನು.

ಆಮೇಲೆ ನನಗೆ ಕೀಯ ನೆನಪಾಯಿತು. ಗಂಟೆ ಮುಗಿದಿತ್ತೋ ಇಲ್ಲವೋ, ಗಡಿಯಾರ ನೋಡಿದವರಾರು? ರೇಡಿಯೋ ಎಳೆದುಕೊಂಡು ತರಗತಿಯ ದನಿಯಲ್ಲೇ ಕೇಳಿದೆ.

"ಕಿಣಿಯವ್ರೆ, ಜಲಜಾ ಟೀಚರ್ ಮಾತಾಡುದ್. ದೋಣಿ ಯಾರ ಕೈಯಲ್ಲಿತ್ತ್? ನಿಮ್ದಾ, ನಮ್ದಾ?"

ಕಿಣಿಯವರ ದನಿ ಬಂತು, ಎಷ್ಟು ಮೆಲ್ಲಗೆಂದರೆ ನಾನು ಕಿವಿಯನ್ನು ರೇಡಿಯೋಗೆ ಒತ್ತಿ ಹಿಡಿಯಬೇಕಾಯಿತು.

"ನಿಮ್ಮದೇ ಟೀಚರ್, ನಿಮ್ಮದೇ. ಸ್ವಲ್ಪ ಸಣ್ಣ ದನಿಯಲ್ಲಿ ಮಾತಾಡಿ ಮಾರಾಯ್ರೆ, ಅವರಿಗೆ ಎಚ್ಚರವಾದೀತು."

ಅವರ ಹಿಂದೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ಸಮುದ್ರದ ಆಚೆ, ಗಂಗೊಳ್ಳಿಯ ಆ ಕೊಠಡಿಯಲ್ಲಿ, ಕಿಣಿಯವರು ಅವರನ್ನೂ "ಶ್" ಎಂದು ಗದರಿಸಿ ಸುಮ್ಮನಾಗಿಸಿದರು.